ಮಕ್ಕಳ ಕಥೆಗಳಲ್ಲಿ ಮನೆಯ ಜೀರ್ಣೋದ್ಧಾರ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗನು ವಿರಳ. ಈ ಎರಡು ಕಾರ್ಯಗಳಲ್ಲಿ ಮದುವೆಗೆ ನಮ್ಮ ಸಾಹಿತ್ಯದಲ್ಲಿ ಬೇಕಾದಷ್ಟು ಸ್ಥಳವು ದೊರೆತಿರುವುದು. ಕಾವ್ಯದಲ್ಲಿ ಸ್ವಯಂವರವಾಗಿಯೂ, ಪ್ರಹಸನದಲ್ಲಿ ವರದಕ್ಷಿಣೆಯ ಜಗಳವಾಗಿಯೂ, ಹಾಡಿನಲ್ಲಿ ಬೀಗರ ಹಾಸ್ಯವಾಗಿಯೂ ಅದು ಸಾವಿರ ರೂಪಗಳನ್ನು ತಾಳಿದೆ. ಮನೆ ಕಟ್ಟುವ ಕಷ್ಟಕ್ಕೆ ಅಂತಹ ಭಾಗ್ಯವು ಒದಗಲಿಲ್ಲ. ಕಟ್ಟಿದ ಮನೆಯನ್ನು ಸರಿಪಡಿಸುವ ಕಷ್ಟಕ್ಕಂತೂ ಗಾದೆಯಲ್ಲಿ ಕೂಡ ಸ್ಥಳವಿಲ್ಲ. ಆದರೂ ಅನುಭವಸ್ಥರನ್ನು ಕೇಳಿದರೆ ಕಟ್ಟುವುದಕ್ಕಿಂತ ಸರಿಪಡಿಸುವುದೇ ಕಠಿನವೆಂದು ಹೇಳುವರು. ಹೊಸ ಮನೆಯನ್ನು ಕಟ್ಟುವವನು ಬೇರೊಂದು ಮನೆಯಲ್ಲಿ ಮಲಗಿ ಎದ್ದು ಬಂದು ಕೆಲಸವನ್ನು ನೋಡುತ್ತಾನೆ. ದುರಸ್ತಿ ಮಾಡಿಸುವವನು ತಾನು ಉಣ್ಣುವ ತಟ್ಟೆಯ ಮೇಲೆಯೇ ಗಾರೆ ಉದುರುವುದನ್ನು ನೋಡಬೇಕು. ವಾಸವಿರುವ ಮನೆಯನ್ನೇ ಒಡೆಯುವುದು, ಒಡೆದ ಮನೆಯಲ್ಲಿಯೇ ವಾಸಿಸುವುದು, ಇದು ಈ ಕಾರ್ಯದ ಸ್ವರೂಪ. ಇದರಲ್ಲಿ ಹಾಸ್ಯದ ಬೀಜವಿರುವುದೆಂದು ಬೇರೆ ಹೇಳಬೇಕಾಗಿಲ್ಲ.

ಮಕ್ಕಳ ಪುಸ್ತಕಗಳಲ್ಲಿ ಈ ಬೀಜವು ಎಲ್ಲಿ ಮೊಳೆತಿದೆ, ಕನ್ನಡದಲ್ಲಿ ಏಕೆ ಮೊಳೆಯಲಿಲ್ಲ ಎಂಬುದನ್ನು ವಿಚಾರಿಸುವುದು ಈ ಬರಹದ ಉದ್ದೇಶ. ಮಕ್ಕಳ ಪುಸ್ತಕವೆಂದೊಡನೆ ವಿದ್ವಾಂಸರು ಮುಖ ತಿರುಗಿಸುವುದುಂಟು. ಅವರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಒಂದು ಭಾಷೆಯು ತನ್ನ ಮಕ್ಕಳಿಗೆ ಯಾವುದನ್ನು ನೋಡಿ ನಗಲು ಕಲಿಸುತ್ತದೆ ಎಂಬುದು ಅಲಂಕಾರಶಾಸ್ತ್ರಕ್ಕೆ ಹೊರಗಾದ ವಿಷಯವಲ್ಲ.

ಈ ವಿಚಾರವು ನನ್ನಲ್ಲಿ ಹುಟ್ಟಿದ ಸಂದರ್ಭವನ್ನು ಎರಡು ಮಾತಿನಲ್ಲಿ ಹೇಳಬೇಕು. ನನ್ನ ವಾಸವು ಬೆಂಗಳೂರಿನ ದಕ್ಷಿಣದಲ್ಲಿ, ಗಿರಿನಗರಕ್ಕೂ ಬನಶಂಕರಿಯ ಮೂರನೆಯ ಹಂತಕ್ಕೂ ಹೊಂದಿಕೊಂಡಿರುವ ಹೊಸಕೆರೆಹಳ್ಳಿಯಲ್ಲಿ. ಕೆರೆಯು ಎಂದೋ ಹಳೆಯದಾದರೂ ಹೊಸದೆಂಬ ಹೆಸರು ಅದಕ್ಕೆ ಅಂಟಿಕೊಂಡೇ ಇದೆ. ಹಳ್ಳಿಯೆಂಬುದೂ ಹಾಗೆಯೇ. ನಗರವು ಬಂದು ಸುತ್ತಿಕೊಂಡಮೇಲೆಯೂ ಆ ಹೆಸರು ಬಿಡಲಿಲ್ಲ. ಇಲ್ಲಿ ಈಗ ಒಂದಲ್ಲ ಒಂದು ಮನೆಯ ಮುಂದೆ ಮರಳಿನ ರಾಶಿ ಇದ್ದೇ ಇರುವುದು. ಹೆಂಚಿನ ಮನೆ ತಾರಸಿಯಾಗುತ್ತದೆ, ತಾರಸಿಯ ಮೇಲೆ ಮಹಡಿ ಏಳುತ್ತದೆ. ನಮ್ಮ ಮನೆಯ ಸರದಿಯೂ ಬಂದಿತು. ಹದಿನೈದು ದಿನಗಳ ಕೆಲಸವೆಂದು ಮೊದಲಾದದ್ದು ನಾಲ್ಕು ತಿಂಗಳು ನಡೆಯಿತು. ಅಡುಗೆಯ ಒಲೆಯು ನಡುಮನೆಗೂ, ನಡುಮನೆಯ ಪುಸ್ತಕಗಳು ಸ್ನಾನದ ಮನೆಗೂ ವಲಸೆ ಹೋದುವು. ಆ ದಿನಗಳಲ್ಲಿ ಮನೆಯ ಹುಡುಗನನ್ನು ಧೂಳಿನಿಂದ ದೂರವಿಡಲು ನಾನು ಅವನಿಗೆ ಒಂದು ಪುಸ್ತಕವನ್ನು ಓದಿ ಹೇಳುತ್ತಿದ್ದೆ. ಅದು ಇಂಗ್ಲೆಂಡಿನ ಮೈಕೇಲ್ ಬಾಂಡರು ಬರೆದ ಪ್ಯಾಡಿಂಗ್ಟನ್ ಎಂಬ ಕರಡಿಯ ಕಥೆ.

ಬಾಂಡರು 1926ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡರು. ಈ ಕರಡಿಯ ಮೊದಲನೆಯ ಪುಸ್ತಕವು 1958ರಲ್ಲಿಯೂ ಎರಡನೆಯದು 1959ರಲ್ಲಿಯೂ ಪ್ರಕಟವಾದುವು. ದಕ್ಷಿಣ ಅಮೆರಿಕದ ಪೆರು ದೇಶದಿಂದ ಹಡಗಿನಲ್ಲಿ ಅಡಗಿ ಬಂದು, ಲಂಡನ್ನಿನ ಒಂದು ರೈಲು ನಿಲ್ದಾಣದಲ್ಲಿ ಒಂಟಿಯಾಗಿ ಕುಳಿತಿದ್ದ ಕರಡಿಮರಿಯನ್ನು ಬ್ರೌನ್ ದಂಪತಿಗಳು ಮನೆಗೆ ಕರೆತರುವರು. ನಿಲ್ದಾಣದ ಹೆಸರೇ ಅದರ ಹೆಸರಾಗುತ್ತದೆ. ಮನೆಯಲ್ಲಿ ಇಬ್ಬರು ಮಕ್ಕಳೂ, ಮನೆವಾರ್ತೆಯನ್ನು ನೋಡಿಕೊಳ್ಳುವ ಬರ್ಡಮ್ಮನೂ ಇದ್ದಾರೆ. ಎರಡನೆಯ ಪುಸ್ತಕದ ಎರಡನೆಯ ಅಧ್ಯಾಯವು ನಮ್ಮ ಪ್ರಕೃತವಿಷಯ. ಕರಡಿಗೆ ತನ್ನದೇ ಆದ ಒಂದು ಕೋಣೆ ಬೇಕು. ಕೋಣೆ ಇದೆ, ಆದರೆ ಅದಕ್ಕೆ ಸುಣ್ಣವಾಗಬೇಕು, ಗೋಡೆಗೆ ಚಿತ್ರಕಾಗದವನ್ನು ಅಂಟಿಸಬೇಕು. ಯಜಮಾನರ ಕೈಯಲ್ಲಿ ಕೆಲಸವು ಮುಂದುವರಿಯದು. ಮನೆಯವರೆಲ್ಲ ಹೊರಗೆ ಹೋದ ಒಂದು ದಿನ ಪ್ಯಾಡಿಂಗ್ಟನ್ ತಾನೇ ಕೈಹಾಕುತ್ತಾನೆ. ಸುಣ್ಣವು ಚಾವಣಿಗಿಂತ ಹೆಚ್ಚಾಗಿ ಇತರ ವಸ್ತುಗಳಿಗೆ ಬೀಳುವುದು. ಆಮೇಲೆ ಕಾಗದ. ಅದನ್ನು ಸುತ್ತಲೂ ಅಂಟಿಸಿ ಹಿಂದಕ್ಕೆ ಸರಿದು ನೋಡಿದರೆ ಕೆಲಸವೇನೋ ಮುಗಿದಿದೆ, ಆದರೆ ಕೋಣೆಗೆ ಬಾಗಿಲಿಲ್ಲ. ಬಾಗಿಲಿನ ಮೇಲೆಯೂ ಕಾಗದವನ್ನು ಅಂಟಿಸಿಯಾಗಿದೆ.

ಇಲ್ಲಿ ಹುಡುಗನು ನನ್ನನ್ನು ತಡೆದನು. “ತಾತ, ಒಳಗಡೆ ತಾನೇ ಕಾಗದ ಅಂಟಿಸಿದ್ದು? ಹೊರಗಡೆಯಿಂದ ಬಾಗಿಲು ಕಾಣುತ್ತಲೇ ಇರುತ್ತಲ್ಲ?” ಎಂದನು.

ಈ ಪ್ರಶ್ನೆಯು ನನಗೆ ಹಲವು ವಿಮರ್ಶಾಗ್ರಂಥಗಳಿಗಿಂತ ಹೆಚ್ಚಿನ ಉಪಕಾರವನ್ನು ಮಾಡಿದೆ. ನಿಜ, ಬಾಗಿಲು ಎಲ್ಲಿಗೂ ಹೋಗಲಿಲ್ಲ. ಅದನ್ನು ಮರೆಮಾಡಿದವನೊಬ್ಬನಿಗೆ ಮಾತ್ರ ಅದು ಮರೆಯಾಗಿದೆ. ಹೊರಗಿನಿಂದ ಬರುವವರು ಎಂದಿನಂತೆ ಹಿಡಿಯನ್ನು ತಿರುಗಿಸಿದರೆ ಸಾಕು. ಒಳಗಿರುವವನ ದುರವಸ್ಥೆಯೂ ಹೊರಗಿನವರ ನಿಶ್ಚಿಂತೆಯೂ ಒಂದೇ ಹಲಗೆಯ ಎರಡು ಮುಖಗಳಾಗಿವೆ. ಹಾಸ್ಯವು ದುಃಖಕ್ಕೆ ತಿರುಗದಂತೆ ಕಾಪಾಡಿರುವುದು ಈ ಹಲಗೆಯೇ. ಅಭಿನವಗುಪ್ತನು ಹಾಸ್ಯಕ್ಕೆ ಅನೌಚಿತ್ಯವೇ ಮೂಲವೆಂದನು. ಆದರೆ ಎಲ್ಲ ಅನೌಚಿತ್ಯವೂ ನಗೆಯಾಗದು; ಮಗುವು ಕೋಣೆಯಲ್ಲಿ ಸಿಕ್ಕಿಬಿದ್ದರೆ ಯಾವ ಮನೆಯಲ್ಲಿ ನಗುವರು? ಹೊರಗಿನ ಬಾಗಿಲು ಇದ್ದೇ ಇದೆಯೆಂಬುದು ಓದುಗನಿಗೆ ತಿಳಿದಿದ್ದರೆ ಮಾತ್ರ ಅವನು ನಿರಾತಂಕವಾಗಿ ನಗಬಲ್ಲನು. ಮಕ್ಕಳ ಹಾಸ್ಯದಲ್ಲಿ ಈ ಅಭಯವು ಅವಶ್ಯವಾದ ಅಂಗವೆಂದು ನನಗೆ ತೋರುತ್ತದೆ.

ಇದರೊಡನೆ ಹೋಲಿಸಿ ನೋಡಬೇಕಾದ ಇನ್ನೊಂದು ಇಂಗ್ಲಿಷ್ ಪ್ರಸಂಗವಿದೆ. ಜೆರೋಮ್ ಕೆ. ಜೆರೋಮನು 1889ರಲ್ಲಿ ಪ್ರಕಟಿಸಿದ ದೋಣಿವಿಹಾರದ ಪುಸ್ತಕದಲ್ಲಿ ಪಾಡ್ಜರ್ ಎಂಬ ಚಿಕ್ಕಪ್ಪನು ಗೋಡೆಗೆ ಒಂದು ಪಟವನ್ನು ತೂಗುಹಾಕುತ್ತಾನೆ. ಪುಸ್ತಕವು ಮಕ್ಕಳಿಗಾಗಿ ಬರೆದುದಲ್ಲ. ಆದರೂ ಶಾಲೆಯ ಇಂಗ್ಲಿಷ್ ಪಾಠಗಳ ಮೂಲಕ ಈ ಪ್ರಸಂಗವು ನಮ್ಮ ಹುಡುಗರಿಗೆ ಪರಿಚಿತವಾಗಿದೆ. ಪಟವನ್ನು ಎತ್ತುವಾಗ ಗಾಜು ಒಡೆಯುವುದು, ಬೆರಳು ಕೊಯ್ಯುವುದು, ಕರವಸ್ತ್ರವು ಕೋಟಿನಲ್ಲಿರುವುದು, ಕೋಟು ಎಲ್ಲಿದೆಯೆಂದು ಮನೆಯವರೆಲ್ಲ ಹುಡುಕುವುದು, ಕೊನೆಗೆ ಅದರ ಮೇಲೆಯೇ ಅವನು ಕುಳಿತಿರುವುದು. ಮೊಳೆ ಹೊಡೆಯುವ ಜಾಗವನ್ನು ಅಂಗುಲದ ಭಾಗಗಳಲ್ಲಿ ಲೆಕ್ಕಹಾಕಲು ಹೋಗಿ ಎಲ್ಲರಿಗೂ ಬೇರೆಬೇರೆ ಉತ್ತರ ಬರುವುದು. ನಡುರಾತ್ರಿಯ ಹೊತ್ತಿಗೆ ಪಟವು ಸೊಟ್ಟಗೆ ತೂಗುತ್ತದೆ. ಗೋಡೆಯು ಗಜಗಳಷ್ಟು ದೂರ ಕೆತ್ತಿಹೋಗಿದೆ. ಚಿಕ್ಕಪ್ಪನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಸೋತು ಸುಣ್ಣವಾಗಿದ್ದಾರೆ.

ಬರಹದ ಚಾತುರ್ಯದಲ್ಲಿ ಜೆರೋಮನು ಬಾಂಡರಿಗಿಂತ ಮೇಲು. ಒಂದು ವಾಕ್ಯವೂ ಸಡಿಲವಿಲ್ಲ. ಆದರೆ ಎರಡರಲ್ಲಿಯೂ ಮಗುವು ನಿಂತಿರುವ ಸ್ಥಳವನ್ನು ಗಮನಿಸಬೇಕು. ಪಾಡ್ಜರನ ಮನೆಯಲ್ಲಿ ಮಕ್ಕಳು ಏಣಿ ತರುವವರು, ದೀಪ ಹಿಡಿಯುವವರು, ಬೈಸಿಕೊಳ್ಳುವವರು. ನಗೆಯು ಅವರ ಸೇಡು; ಕೆಲಸ ಬಾರದೆ ಯಜಮಾನಿಕೆ ನಡಸುವ ದೊಡ್ಡವನ ಮೇಲೆ ಚಿಕ್ಕವರು ತೀರಿಸಿಕೊಳ್ಳುವ ಸೇಡು. ಪ್ಯಾಡಿಂಗ್ಟನ್ನನ ಕಥೆಯಲ್ಲಿ ಮಗುವೇ ಕರ್ತೃ. ಕುಂಚವು ಅವನ ಕೈಯಲ್ಲಿದೆ. ಮಾಡಿದ ತಪ್ಪೂ ಅವನದೇ. ತೊಂದರೆಯೂ ಮುಖ್ಯವಾಗಿ ಅವನಿಗೇ. ಮೂರನೆಯ ಪುಸ್ತಕದಲ್ಲಿ, 1960ರಲ್ಲಿ, ಇದೇ ಕರಡಿಯು ಬಡಗಿಯ ಕೆಲಸಕ್ಕೆ ತೊಡಗಿ ನೆರೆಮನೆಯ ಕರಿ ಎಂಬ ಜಿಪುಣನ ಮೇಜನ್ನು ಗರಗಸದಿಂದ ಎರಡು ಭಾಗ ಮಾಡುತ್ತದೆ. ಅದನ್ನು ಓದುವಾಗಲೂ ನಾವು ನಗುತ್ತೇವೆ. ಆದರೆ ಆ ನಗೆಯಲ್ಲಿ ‘ತಕ್ಕ ಶಾಸ್ತಿಯಾಯಿತು’ ಎಂಬ ಖಾರ ಬೆರೆತಿದೆ. ಬಾಗಿಲಿನ ಪ್ರಸಂಗದಲ್ಲಿ ಆ ಖಾರವಿಲ್ಲ. ಆದುದರಿಂದಲೇ ಅದು ಮೇಜಿನ ಪ್ರಸಂಗಕ್ಕಿಂತ ಉತ್ತಮವೆಂದು ನನ್ನ ಮತ.

ಭರತನು ಹಾಸ್ಯವನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತಗಳೆಂದು ಆರು ವಿಧವಾಗಿ ವಿಂಗಡಿಸಿ, ಎರಡೆರಡನ್ನು ಉತ್ತಮ ಮಧ್ಯಮ ಅಧಮ ಪ್ರಕೃತಿಗಳಿಗೆ ಹಂಚಿಕೊಟ್ಟಿದ್ದಾನೆ. ನಗುವವನ ಅಂತಸ್ತನ್ನು ಕೇಳುವ ವಿಭಾಗವಿದು. ಮಕ್ಕಳ ಪುಸ್ತಕಗಳ ವಿಷಯದಲ್ಲಿ ನಾವು ಕೇಳಬೇಕಾದುದು ಬೇರೊಂದು: ನಗೆಗೆ ಗುರಿಯಾದವನು ಯಾರು? ಅವನಿಗೆ ಆಮೇಲೆ ಮನೆಯಲ್ಲಿ ಊಟ ಉಂಟೆ ಇಲ್ಲವೆ? ಬ್ರೌನರ ಮನೆಯಲ್ಲಿ ಉಂಟು. ಮೊದಲನೆಯ ಪುಸ್ತಕದಲ್ಲಿ ಅದೇ ಕರಡಿಯು ಸ್ನಾನದ ಮನೆಯನ್ನೆಲ್ಲ ಕೆರೆಮಾಡಿದ ದಿನವೂ ಅದಕ್ಕೆ ಮನೆಯಲ್ಲಿ ಸ್ಥಳವಿದ್ದಿತು.

ಇನ್ನು ಕನ್ನಡದ ಕಡೆಗೆ ಬರೋಣ. ನಮ್ಮ ಮಕ್ಕಳು ಕೇಳುವ ಮೊತ್ತಮೊದಲನೆಯ ಕಥೆಯೇ ಮನೆಯ ಕಥೆಯಾಗಿರುವುದು ಆಶ್ಚರ್ಯ. ಕಾಗಕ್ಕ ಗುಬ್ಬಕ್ಕರ ಕಥೆಯನ್ನು ಅರಿಯದವರಾರು? ಗುಬ್ಬಕ್ಕನ ಮನೆ ಗಟ್ಟಿ. ಕಾಗಕ್ಕನದು ಮಣ್ಣಿನದೆಂದು ಕೆಲವರು, ಸಗಣಿಯದೆಂದು ಕೆಲವರು. ಮಳೆ ಬಂದು ಕಾಗಕ್ಕನ ಮನೆ ಕರಗಿಹೋಗುತ್ತದೆ. ಅವಳು ಗುಬ್ಬಕ್ಕನ ಬಾಗಿಲನ್ನು ತಟ್ಟುವಳು. ಗುಬ್ಬಕ್ಕನೋ, ಮಗುವಿಗೆ ನೀರು ಹಾಕುತ್ತಿದ್ದೇನೆ ತಡೆ, ಬಟ್ಟೆ ತೊಡಿಸುತ್ತಿದ್ದೇನೆ ತಡೆ, ತೂಗಿ ಮಲಗಿಸುತ್ತಿದ್ದೇನೆ ತಡೆ ಎಂದು ಹೊತ್ತು ಕಳೆಯುವಳು. ಮುಂದಿನದು ಹೇಳುವವರ ಇಚ್ಛೆಗೆ ಬಿಟ್ಟದ್ದು; ಒಂದೊಂದು ಮನೆಯಲ್ಲಿ ಒಂದೊಂದು ರೀತಿ. ಇಲ್ಲಿಯೂ ಬಾಗಿಲಿದೆ, ಆದರೆ ಪ್ಯಾಡಿಂಗ್ಟನ್ನನ ಬಾಗಿಲಿಗೆ ಇದು ತದ್ವಿರುದ್ಧ. ಅಲ್ಲಿ ಒಳಗಿರುವವನಿಗೆ ಬಾಗಿಲು ಕಾಣದು, ಹೊರಗಿನವರಿಗೆ ಸುಲಭವಾಗಿ ತೆರೆಯುವುದು. ಇಲ್ಲಿ ಹೊರಗೆ ನೆನೆಯುತ್ತಿರುವವಳಿಗೆ ಬಾಗಿಲು ಚೆನ್ನಾಗಿ ಕಾಣುವುದು, ಒಳಗಿನವಳು ಮಾತ್ರ ತೆರೆಯಳು. ನಾವು ಎಳೆಯರಾಗಿದ್ದಾಗ ಈ ಕಥೆಯನ್ನು ಕೇಳಿ ನಕ್ಕೆವು. ನೆನೆದ ಕಾಗೆಯ ಪಾಡು ಅಂದು ನಮ್ಮನ್ನು ತಾಕಲಿಲ್ಲ. ಅಜ್ಜಿಯ ದನಿಯಲ್ಲಿದ್ದ ಬೆಚ್ಚನೆಯ ಭಾವವು ಕಥೆಯ ಕಾಠಿಣ್ಯವನ್ನು ಮುಚ್ಚಿದ್ದಿತೆಂದು ಈಗ ತಿಳಿಯುತ್ತದೆ. ಅಚ್ಚಾದ ಪುಸ್ತಕದಲ್ಲಿ ಆ ದನಿಯಿಲ್ಲ.

ಪಂಚತಂತ್ರವನ್ನು ತೆಗೆದುಕೊಳ್ಳಿರಿ. ಚಾಲುಕ್ಯ ಜಯಸಿಂಹನ ಕಾಲದಲ್ಲಿ, 11ನೆಯ ಶತಮಾನದಲ್ಲಿ, ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ವಸುಭಾಗಭಟ್ಟನ ಪಾಠವನ್ನನುಸರಿಸಿ ಇದನ್ನು ಕನ್ನಡಕ್ಕೆ ತಂದಂದಿನಿಂದ ಈ ಕಥೆಗಳು ನಮ್ಮವಾಗಿವೆ. ಪಂಚತಂತ್ರದ ಮೊದಮೊದಲ ಕಥೆಗಳಲ್ಲಿ ಒಂದು ಕಟ್ಟಡದ ಕೆಲಸದಲ್ಲಿ ತಲೆಹಾಕಿದ ಕೋತಿಯದು. ದೇವಾಲಯದ ಕೆಲಸ ನಡೆಯುತ್ತಿದೆ. ಬಡಗಿಗಳು ಅರೆ ಸೀಳಿದ ಮರದ ನಡುವೆ ಬೆಣೆಯನ್ನಿಟ್ಟು ಊಟಕ್ಕೆ ಹೋಗಿದ್ದಾರೆ. ಕೋತಿಯು ಬೆಣೆಯನ್ನು ಕಿತ್ತು ಸೀಳಿನಲ್ಲಿ ಸಿಕ್ಕಿ ಸಾಯುತ್ತದೆ. ಸಂಸ್ಕೃತದಲ್ಲಿ ಸೀಳಿನೊಳಗೆ ಸಿಕ್ಕುವ ಅಂಗವು ಬಾಲವಲ್ಲ. ಮಕ್ಕಳ ಪುಸ್ತಕಗಳಲ್ಲಿ ಅದನ್ನು ಬಾಲವೆಂದು ತಿದ್ದಿರುವರು. ತಿದ್ದಿದವರ ಸಂಕೋಚವು ಅರ್ಥವಾಗುವಂತಹುದೇ. ಆದರೆ ಅಂಗವನ್ನು ಬದಲಾಯಿಸಿದವರು ದಂಡನೆಯನ್ನು ಬದಲಾಯಿಸಲಿಲ್ಲ. ಬೇಡದ ಕೆಲಸಕ್ಕೆ ಕೈಹಾಕಿದವನು ಸಾಯತಕ್ಕವನೆಂಬ ತೀರ್ಪು ಹಾಗೆಯೇ ಉಳಿಯಿತು. ಬಡಗಿಯ ಉಪಕರಣವನ್ನು ಮುಟ್ಟಿ ನೋಡಬೇಕೆಂಬ ಆಸೆ ಯಾವ ಮಗುವಿಗಿಲ್ಲ? ಆ ಆಸೆಯನ್ನು ಕೋತಿಯ ಚೇಷ್ಟೆಯೆಂದು ಕರೆದು ಕೊಂದುಹಾಕಿದ ಕಥೆಯನ್ನು ನಾವು ಶತಮಾನಗಳಿಂದ ಹೇಳುತ್ತಿದ್ದೇವೆ.

ಅದೇ ಗ್ರಂಥಪರಂಪರೆಯಲ್ಲಿ ಇನ್ನೊಂದು ಕೋತಿಯಿದೆ. ಮಳೆಯಲ್ಲಿ ನಡುಗುತ್ತಿರುವ ಅದನ್ನು ನೋಡಿ ಗೂಡಿನೊಳಗಿನ ಹಕ್ಕಿಯು, ನಿನಗೆ ಮನುಷ್ಯರಂತೆ ಕೈಕಾಲುಗಳಿವೆ, ಮನೆಯನ್ನೇಕೆ ಕಟ್ಟಿಕೊಳ್ಳಬಾರದು ಎಂದು ಬುದ್ಧಿ ಹೇಳುವುದು. ಕೋತಿಯು ಸಿಟ್ಟಾಗಿ ಗೂಡನ್ನೇ ಕಿತ್ತೆಸೆಯುತ್ತದೆ. ಮೂರ್ಖರಿಗೆ ಉಪದೇಶ ಸಲ್ಲದೆಂಬುದು ಇಲ್ಲಿನ ನೀತಿ. ನನಗೆ ಮಾತ್ರ ಇದು ಬೆಚ್ಚಗೆ ಕುಳಿತವರು ಹೊರಗೆ ನೆನೆಯುವವರಿಗೆ ಹೇಳುವ ಬುದ್ಧಿವಾದದ ಕಥೆಯಾಗಿ ಕೇಳುತ್ತದೆ. ನಮ್ಮ ಬೀದಿಯಲ್ಲಿ ಸ್ವಂತ ಮನೆಯವರು ಬಾಡಿಗೆಯವರಿಗೆ ಇದೇ ಮಾತನ್ನು ಹೇಳುವುದನ್ನು ಕೇಳಿದ್ದೇನೆ.

ತೆನಾಲಿ ರಾಮಕೃಷ್ಣನ ಹೆಸರಿನಲ್ಲಿ ಪ್ರಚಾರದಲ್ಲಿರುವ ಕಥೆಗಳಲ್ಲಿ ಒಂದು ನಮ್ಮ ವಿಷಯಕ್ಕೆ ಬಹಳ ಹತ್ತಿರ ಬರುತ್ತದೆ. ಅರಮನೆಯ ಗೋಡೆಗಳಿಗೆ ಚಿತ್ರ ಬರೆಸಲಾಗಿದೆ. ಪಕ್ಕದಿಂದ ಕಾಣುವಂತೆ ಬರೆದ ಒಂದು ರೂಪವನ್ನು ನೋಡಿ ರಾಮಕೃಷ್ಣನು, ಇನ್ನೊಂದು ಪಕ್ಕ ಎಲ್ಲಿ ಎನ್ನುವನು. ಅದನ್ನು ಊಹಿಸಿಕೊಳ್ಳಬೇಕೆಂದು ರಾಯನ ಉತ್ತರ. ಕೆಲವು ಕಾಲದಮೇಲೆ ರಾಮಕೃಷ್ಣನು ತಾನೇ ಚಿತ್ರಕಾರನಾಗಿ ಗೋಡೆಗಳ ತುಂಬ ಬೆರಳು, ಉಗುರು, ಕೈಕಾಲಿನ ತುಂಡುಗಳನ್ನು ಬರೆದು, ಉಳಿದುದನ್ನು ಪ್ರಭುಗಳು ಊಹಿಸಿಕೊಳ್ಳಬೇಕು ಎಂದು ಬಿನ್ನವಿಸುತ್ತಾನೆ. ಹಾಳಾದದ್ದು ಅರಮನೆಯ ಗೋಡೆ. ನಗೆ ಮಾತ್ರ ಸೊಗಸಾಗಿದೆ. ನಮ್ಮ ಕಥೆಗಳಲ್ಲಿ ಗೋಡೆ ಕೆಡಿಸಿಯೂ ಗೆದ್ದವನು ಇವನೊಬ್ಬನೇ. ಆದರೆ ಇವನ ಗೆಲುವು ಜಾಣತನದ ಗೆಲುವು. ತಿಳಿದೂ ತಿಳಿದೂ ಕೆಡಿಸಿದವನು ಅವನು. ಪ್ಯಾಡಿಂಗ್ಟನ್ ಒಳ್ಳೆಯದನ್ನು ಮಾಡಹೋಗಿ ಕೆಡಿಸಿದವನು. ‘ಗಣಪತಿಯನ್ನು ಮಾಡಹೋಗಿ ಅವರಪ್ಪನನ್ನು ಮಾಡಿದ’ ಎಂಬ ಗಾದೆಯಲ್ಲಿ ಈ ಎರಡನೆಯ ಬಗೆಯ ವ್ಯಕ್ತಿಯನ್ನು ಕನ್ನಡವು ಎಂದೋ ಗುರುತಿಸಿದೆ. ಗಾದೆಯು ಗುರುತಿಸಿದವನನ್ನು ಕಥೆಯು ಏಕೆ ಕೈಹಿಡಿಯಲಿಲ್ಲ?

ಹೊಸಗನ್ನಡದ ಶಿಶುಸಾಹಿತ್ಯದಲ್ಲಿಯೂ ಸ್ಥಿತಿಯು ಬಹುಮಟ್ಟಿಗೆ ಇದೇ. ರಾಜರತ್ನಂ ಅವರ ತುತ್ತೂರಿಯ ಪದ್ಯವನ್ನು ನೆನೆಯಿರಿ. ಅದರ ಲಯವು ನಾಲಗೆಯಿಂದ ಅಳಿಯತಕ್ಕದ್ದಲ್ಲ. ಅದನ್ನು ಹಾಡಿ ಬೆಳೆದವರಲ್ಲಿ ನಾನೂ ಒಬ್ಬ. ಆದರೆ ಅಲ್ಲಿಯೂ ನೀರಿಗೆ ಬಿದ್ದ ಹುಡುಗನ ತುತ್ತೂರಿ ಕೆಟ್ಟದ್ದು ಜಂಬದ ಫಲವಾಗಿ. ನಮ್ಮ ಮಕ್ಕಳ ಹಾಸ್ಯದಲ್ಲಿ ಏನಾದರೂ ಮುರಿದರೆ ಅದರ ಹಿಂದೆ ಒಂದು ದೋಷವಿದ್ದೇ ಇರಬೇಕು: ಜಂಬ, ಆಸೆ, ಸೋಮಾರಿತನ, ತುಂಟತನ. ನಿರ್ದೋಷಿಯ ಕೈಯಿಂದಲೂ ಗಾಜು ಒಡೆಯಬಹುದು ಎಂಬ ಸರಳವಾದ ಸತ್ಯವು ನಮ್ಮ ಪುಸ್ತಕಗಳಲ್ಲಿ ದುರ್ಲಭ.

ಇದಕ್ಕೆ ಕಾರಣವನ್ನು ನಾನು ಮೊದಲು ಹೀಗೆ ಊಹಿಸಿದೆ. ಇಂಗ್ಲೆಂಡಿನಲ್ಲಿ ಎರಡನೆಯ ಮಹಾಯುದ್ಧವಾದಮೇಲೆ ಕೆಲಸಗಾರರ ಕೂಲಿ ಹೆಚ್ಚಿ, 1950ರ ದಶಕದಲ್ಲಿ ಮಧ್ಯಮವರ್ಗದ ಗೃಹಸ್ಥರು ತಾವೇ ಕುಂಚವನ್ನೂ ಗರಗಸವನ್ನೂ ಹಿಡಿಯುವ ರೂಢಿ ಬಲವಾಯಿತು. ಕೈಹಿಡಿದವನು ಎಡವುತ್ತಾನೆ, ಎಡವಿದರೆ ಕಥೆಯಾಗುತ್ತದೆ. ನಮ್ಮಲ್ಲಾದರೋ ಮಣ್ಣಿನ ಕೆಲಸ ಒಬ್ಬರದು, ಕಲ್ಲಿನ ಕೆಲಸ ಇನ್ನೊಬ್ಬರದು, ಮರದ ಕೆಲಸ ಮತ್ತೊಬ್ಬರದು. ಈ ಕುಲವಿಭಾಗದಲ್ಲಿ ಯಜಮಾನನು ಜಗಲಿಯ ಮೇಲೆ ಕುಳಿತು ಮಾಡಿಸುವವನೇ ಹೊರತು ಮಾಡುವವನಲ್ಲ. ಕರಣೆಯನ್ನು ಹಿಡಿದವರು ಪುಸ್ತಕ ಬರೆಯಲಿಲ್ಲ. ಪುಸ್ತಕ ಬರೆದವರು ಕರಣೆಯನ್ನು ಹಿಡಿಯಲಿಲ್ಲ. ಆದುದರಿಂದ ನಮ್ಮಲ್ಲಿ ದುರಸ್ತಿಯ ಹಾಸ್ಯ ಹುಟ್ಟಿದರೆ ಅದು ಮೇಸ್ತ್ರಿಯ ಮೇಲಿನ ಹಾಸ್ಯವಾಗಿ ಹುಟ್ಟುತ್ತದೆ. ಮೇಸ್ತ್ರಿ ನಾಳೆ ಬರುತ್ತೇನೆಂದ, ಮೇಸ್ತ್ರಿ ಮುಂಗಡ ತೆಗೆದುಕೊಂಡು ಹೋದ, ಮೇಸ್ತ್ರಿ ಗೋಡೆಯನ್ನು ಸೊಟ್ಟ ಕಟ್ಟಿದ. ನಾನೂ ನಮ್ಮ ಮನೆಯ ಕೆಲಸ ನಡೆದಾಗ ಸ್ನೇಹಿತರ ಮುಂದೆ ಇಂತಹ ಹಾಸ್ಯವನ್ನು ಧಾರಾಳವಾಗಿ ಮಾಡಿದವನೇ. ಅದನ್ನು ಮಕ್ಕಳ ಪುಸ್ತಕವಾಗಿ ಬರೆಯಬಾರದೆಂದು ಮಾತ್ರ ಬಲವಾಗಿ ನಂಬಿದ್ದೇನೆ. ಕೂಲಿಗೆ ಬಂದವನನ್ನು ನೋಡಿ ನಗುವುದನ್ನು ನಮ್ಮ ಮಕ್ಕಳಿಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ. ನಮ್ಮ ಮಾತುಗಳಿಂದಲೇ ಅವರು ಅದನ್ನು ಬೇಗ ಕಲಿಯುತ್ತಾರೆ.

ಈ ಊಹೆಯನ್ನು ನಾನು ಬರೆದಿಟ್ಟೆ. ಆದರೆ ಅದು ಅರ್ಧಸತ್ಯವೆಂದು ತಿಳಿಯಲು ಬಹಳ ದಿನ ಹಿಡಿಯಲಿಲ್ಲ. ನಮ್ಮ ಬೀದಿಯ ಹಿರಿಯ ಹೆಂಗಸೊಬ್ಬರು, ಹೊಸಕೆರೆಹಳ್ಳಿಯು ನಿಜವಾಗಿ ಹಳ್ಳಿಯಾಗಿದ್ದ ಕಾಲದವರು, ಹಬ್ಬ ಬಂದರೆ ತಾವು ಮನೆಯನ್ನು ಸಿದ್ಧಪಡಿಸುತ್ತಿದ್ದ ರೀತಿಯನ್ನು ಹೇಳಿದರು. ಮಳೆಗೆ ಕಿತ್ತುಹೋದ ಗೋಡೆಗೆ ಮಣ್ಣನ್ನು ಕಲಸಿ ಮೆತ್ತುವುದು, ಸುಣ್ಣವನ್ನು ನೆನೆಹಾಕಿ ಬಳಿಯುವುದು, ಅಂಚಿಗೆ ಕೆಮ್ಮಣ್ಣು ತೀಡುವುದು, ನೆಲವನ್ನು ಸಗಣಿಯಿಂದ ಸಾರಿಸುವುದು. ಈ ಕೆಲಸಗಳೆಲ್ಲ ಮನೆಯ ಹೆಂಗಸರವೂ ಮಕ್ಕಳವೂ ಆಗಿದ್ದುವು. ಯಾವ ಮೇಸ್ತ್ರಿಯೂ ಬರುತ್ತಿರಲಿಲ್ಲ. ಹಾಗಾದರೆ ಕನ್ನಡದ ಮನೆಯು ತನ್ನನ್ನು ತಾನು ಸರಿಪಡಿಸಿಕೊಳ್ಳುವುದಿಲ್ಲವೆಂಬುದು ಓದುಬರಹ ಬಲ್ಲ ಕೆಲವು ಮನೆಗಳಿಗೆ, ಅಲ್ಲಿಯೂ ಗಂಡಸರಿಗೆ ಮಾತ್ರ ಸಲ್ಲುವ ಮಾತಾಯಿತು. ವರ್ಷವರ್ಷವೂ ನಡೆಯುತ್ತಿದ್ದ ಜೀರ್ಣೋದ್ಧಾರವು ನಮ್ಮ ಕಣ್ಣಿಗೆ ಬೀಳದೆ ಹೋದದ್ದು ಅದನ್ನು ಕೆಲಸವೆಂದು ನಾವು ಎಣಿಸದೆ ಇದ್ದುದರಿಂದ. ಹಾಸ್ಯಕ್ಕೆ ಸಾಮಗ್ರಿಯಿದ್ದಿತು, ಅದನ್ನು ನೋಡುವ ಲೇಖಕರಿರಲಿಲ್ಲ.

ಈ ಸಂಗತಿಯು ಭಾಷಾಂತರದ ಪ್ರಶ್ನೆಗೂ ಸಂಬಂಧಿಸಿದೆ. ಪ್ಯಾಡಿಂಗ್ಟನ್ನನ ಆ ಅಧ್ಯಾಯವನ್ನು ನಾನು ಹುಡುಗನಿಗೆ ಬಾಯಿಂದಲೇ ಕನ್ನಡಿಸಿ ಹೇಳುತ್ತಿದ್ದೆನಾದುದರಿಂದ ತೊಡಕುಗಳು ಕೂಡಲೆ ಎದುರಾದುವು. ಮೊದಲನೆಯದು ಸರ್ವನಾಮದ ತೊಡಕು. ಇಂಗ್ಲಿಷಿನಲ್ಲಿ ಕರಡಿಯನ್ನು ಪುಲ್ಲಿಂಗದಲ್ಲಿ ಕರೆದರೆ ಯಾರಿಗೂ ವಿಚಿತ್ರವೆನಿಸದು. ಕನ್ನಡದಲ್ಲಿ ‘ಅದು’ ಎಂದರೆ ಕರಡಿಯು ಮನೆಯ ಹೊರಗೆ ಉಳಿಯುತ್ತದೆ. ‘ಅವನು’ ಎಂ‍ದರೆ ಒಳಗೆ ಬರುತ್ತಾನೆ. ಈ ಬರಹದಲ್ಲಿಯೂ ನಾನು ಎರಡನ್ನೂ ಬೆರಸಿರುವುದನ್ನು ವಾಚಕರು ಕಂಡಿರಬಹುದು. ನಮ್ಮ ಅಜ್ಜಿಯರು ಈ ತೊಡಕನ್ನು ಬಹಳ ಹಿಂದೆಯೇ ಬಿಡಿಸಿದ್ದರು: ಕಾಗೆಗೆ ಅಕ್ಕನೆಂದು ಹೆಸರಿಟ್ಟೊಡನೆ ಲಿಂಗವೂ ನಿರ್ಣಯವಾಯಿತು, ನಂಟೂ ಏರ್ಪಟ್ಟಿತು. ನಾನು ಕರಡಿಯಣ್ಣ ಎಂದು ಹೇಳಲು ತೊಡಗಿದಮೇಲೆ ಹುಡುಗನಿಗೂ ನನಗೂ ಸುಖವಾಯಿತು.

ಎರಡನೆಯ ತೊಡಕು ಇದಕ್ಕಿಂತ ಘನವಾದುದು. ನಮ್ಮ ಹಳೆಯ ಮನೆಗಳ ಗೋಡೆಗೆ ಕಾಗದ ಅಂಟಿಸುವ ವಾಡಿಕೆಯಿಲ್ಲ. ಕಾಗದದ ಬದಲು ಸುಣ್ಣವೆಂದು ಹೇಳೋಣವೆಂದರೆ, ಎಷ್ಟು ಸುಣ್ಣ ಬಳಿದರೂ ಬಾಗಿಲು ಮರೆಯಾಗುವುದಿಲ್ಲ. ಬಿಳಿಯ ಬಾಗಿಲಾಗುತ್ತದೆ, ಅಷ್ಟೆ. ಕಥೆಯ ಬುಡವೇ ಕಳಚಿಬೀಳುವುದು. ವಾಸ್ತುವಿನ ನೆವದಿಂದ ಬಾಗಿಲನ್ನು ಮುಚ್ಚಿ ಬೇರೆ ದಿಕ್ಕಿನಲ್ಲಿ ತೆರೆಯುವ ಸಂಪ್ರದಾಯ ನಮ್ಮಲ್ಲಿ ಬೇಕಾದಷ್ಟಿದೆ, ಬಾಗಿಲು ಕಳೆದುಕೊಂಡ ಮನೆಗಳನ್ನು ನಮ್ಮ ಬೀದಿಯಲ್ಲಿಯೇ ತೋರಿಸಬಲ್ಲೆ. ಆದರೆ ಅದು ದೊಡ್ಡವರ ಹಾಸ್ಯ, ಅದರ ಖರ್ಚನ್ನು ತೆತ್ತವರು ನಗುವುದೂ ಇಲ್ಲ.

ಆಗ ಆ ಹಿರಿಯ ಹೆಂಗಸರು ಹೇಳಿದ ಒಂದು ಮಾತು ನೆನಪಿಗೆ ಬಂದಿತು. ನೆಲವನ್ನು ಸಾರಿಸಲು ಮೊದಲ ಸಲ ಕುಳಿತ ಹುಡುಗಿಗೆ ಹೇಳಿಕೊಡಬೇಕಾದ ಪಾಠ ಒಂದೇ ಅಂತೆ. “ಮೂಲೆಯಿಂದ ಶುರುಮಾಡಿ ಬಾಗಿಲ ಕಡೆಗೆ ಬಾರಮ್ಮ” ಎಂದು. ಯಾರೂ ಹೇಳಿಕೊಡದಿದ್ದರೆ ಮಗುವು ಸಹಜವಾಗಿಯೇ ಬಾಗಿಲಿನಿಂದ ಆರಂಭಿಸುತ್ತದೆ. ಬುಟ್ಟಿಯನ್ನು ಎಳೆದುಕೊಳ್ಳುತ್ತ, ಅರೆವೃತ್ತಗಳನ್ನು ಎಳೆಯುತ್ತ, ತನ್ನ ಕೈಚಳಕಕ್ಕೆ ತಾನೇ ಮೆಚ್ಚುತ್ತ ಹಿಂದಹಿಂದಕ್ಕೆ ಸರಿದು ಕೊನೆಗೆ ಮೂಲೆಯನ್ನು ಸೇರುತ್ತದೆ. ಎದುರಿಗೆ ಹಸಿಯ ನೆಲ, ಅದರಾಚೆ ಬಾಗಿಲು. ಕಾಲಿಟ್ಟರೆ ಮಾಡಿದ ಕೆಲಸ ಕೆಡುತ್ತದೆ. ಇಡದಿದ್ದರೆ ಒಣಗುವವರೆಗೆ ಅಲ್ಲಿಯೇ ಕುಳಿತಿರಬೇಕು. ಆ ಹೆಂಗಸರು ತಮ್ಮ ಏಳನೆಯ ವಯಸ್ಸಿನಲ್ಲಿ ಹಾಗೆ ಕುಳಿತಿದ್ದರಂತೆ. ಅವರ ತಾಯಿ ಹೊಸ್ತಿಲಿನ ಆಚೆ ನಿಂತು ನಕ್ಕು, ರೊಟ್ಟಿಯ ಚೂರನ್ನು ಅವರ ಮಡಿಲಿಗೆ ಎಸೆದರಂತೆ.

ಪ್ಯಾಡಿಂಗ್ಟನ್ನನ ಅಧ್ಯಾಯಕ್ಕೆ ಕನ್ನಡದಲ್ಲಿ ಇದಕ್ಕಿಂತ ಸಮರ್ಪಕವಾದ ಪ್ರತಿರೂಪವನ್ನು ನಾನು ಕಲ್ಪಿಸಲಾರೆ. ಇಲ್ಲಿ ಬಾಗಿಲು ಕಾಣುತ್ತದೆ, ದಾರಿ ಮಾತ್ರ ಇಲ್ಲ. ದಾರಿಯನ್ನು ಇಲ್ಲದಂತೆ ಮಾಡಿಕೊಂಡದ್ದು ತಾನೇ. ಅದೂ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದರಿಂದ. ದೋಷವಿಲ್ಲ, ದಂಡನೆಯಿಲ್ಲ, ಹೊರಗೆ ನಗುವ ತಾಯಿಯಿದ್ದಾಳೆ, ರೊಟ್ಟಿಯೂ ಇದೆ. ನಗೆಗೆ ಗುರಿಯಾದವಳು ತನ್ನ ಮುಪ್ಪಿನಲ್ಲಿ ಅದನ್ನು ತಾನೇ ನೆನೆದು ನಗುತ್ತಾಳೆ. ಭರತನು ಆತ್ಮಸ್ಥವೆಂದು ಕರೆದದ್ದು ಇದನ್ನೇ. ಕಾಗದದ ಕಥೆಗಿಂತ ಇದರಲ್ಲಿ ಒಂದು ಗುಣವು ಹೆಚ್ಚಾಗಿಯೂ ಇದೆ. ಅಲ್ಲಿ ಕಾಗದವನ್ನು ಹರಿದರೆ ಬಿಡುಗಡೆ. ಇಲ್ಲಿ ಬಿಡುಗಡೆಯು ಬಿಸಿಲಿನ ಕೈಯಲ್ಲಿದೆ, ಕಾಯದೆ ಗತಿಯಿಲ್ಲ. ಇದನ್ನು ಚಿತ್ರಗಳೊಡನೆ ಒಂದು ಪುಸ್ತಕವಾಗಿ ಬರೆಯಬಲ್ಲವರು ಕನ್ನಡದಲ್ಲಿ ಇರುವರೆಂದು ನಾನು ಬಲ್ಲೆ. ಬರೆದರೆ ಕೊನೆಯಲ್ಲಿ ‘ಹಿರಿಯರ ಮಾತನ್ನು ಕೇಳಬೇಕು’ ಎಂದು ಒಂದು ಸಾಲನ್ನು ಸೇರಿಸದಿರಲಿ ಎಂಬುದಷ್ಟೇ ನನ್ನ ಪ್ರಾರ್ಥನೆ. ಆ ಒಂದು ಸಾಲು ತಾಯಿಯ ನಗೆಯನ್ನೂ ರೊಟ್ಟಿಯನ್ನೂ ಒಮ್ಮೆಗೇ ಕಸಿದುಕೊಳ್ಳುವುದು.

ಮೇಸ್ತ್ರಿಯವರ ವಿಷಯವಾಗಿ ಒಂದು ಸಂಗತಿ ಉಳಿದಿದೆ. ನಮ್ಮ ಮನೆಯ ಕೆಲಸದ ಕೊನೆಯ ವಾರದಲ್ಲಿ, ಅವರು ರಸಮಟ್ಟವನ್ನಿಟ್ಟು ಗೋಡೆಯನ್ನು ನೋಡುತ್ತಿದ್ದಾಗ, ಹುಡುಗನು ಅವರಿಗೆ ಕರಡಿಯಣ್ಣನ ಕಥೆಯನ್ನು ಪೂರ್ತಿಯಾಗಿ ಹೇಳಿದನು. ಅವರು ನಗಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ ನನ್ನ ಕಡೆಗೆ ತಿರುಗಿದರು.

“ಸಾರ್, ಬಾಗಿಲು ಮರದ್ದು ತಾನೇ? ಗೋಡೆಯ ಸುತ್ತ ಬೆರಳಲ್ಲಿ ತಟ್ಟಿಕೊಂಡು ಬಂದಿದ್ದರೆ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಗೋಡೆಯ ಸದ್ದೇ ಬೇರೆ, ಮರದ ಸದ್ದೇ ಬೇರೆ.”

“ಅವನಿಗೆ ಅದು ತಿಳಿದಿರಲಿಲ್ಲ, ಮೇಸ್ತ್ರಿ” ಎಂದೆ.

“ಯಾರೂ ಹೇಳಿಕೊಟ್ಟಿರಲಿಲ್ಲ ಅನ್ನಿ” ಎಂದು ಅವರು ನಕ್ಕರು. ಆಮೇಲೆ ಹುಡುಗನ ಕೈಯನ್ನು ಹಿಡಿದು, ಬೆರಳನ್ನು ಮಡಿಸಿ, ಗೋಡೆಯ ಮೇಲೆ ಒಮ್ಮೆ, ಬಾಗಿಲ ಚೌಕಟ್ಟಿನ ಮೇಲೆ ಒಮ್ಮೆ ತಟ್ಟಿಸಿದರು. ಅಂದು ಸಂಜೆಯವರೆಗೆ ನಮ್ಮ ಮನೆಯಲ್ಲಿ ಹುಡುಗನು ತಟ್ಟದೆ ಬಿಟ್ಟ ಗೋಡೆಯಿರಲಿಲ್ಲ. ಹೊಸ ಸುಣ್ಣದ ಮೇಲೆ ಅವನ ಬೆರಳಿನ ಗುರುತುಗಳು ಇನ್ನೂ ಹಾಗೆಯೇ ಇವೆ.